ಇಳಿವಯಸ್ಸಿನಲ್ಲಿ ನ್ಯುಮೋನಿಯಾ ಲಸಿಕೆ: ಹಾಕಿಸಬೇಕೆ, ಬೇಡವೆ?

ಲಸಿಕೆಯೆಂದರೆ ಮಕ್ಕಳಿಗೆ ಸಂಬಂಧಿಸಿದ ವಿಷಯವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಕೂಸು ಹುಟ್ಟಿದೊಡನೆ ಬಿ.ಸಿ.ಜಿ., ಆಮೇಲೆ ಪೋಲಿಯೋ ಹನಿ, ದಡಾರದ ಚುಚ್ಚುಮದ್ದು, ಹೀಗೆ ತಾಯಿಯ ಕೈಯಲ್ಲಿರುವ ಕಾರ್ಡು ತುಂಬುತ್ತ ಹೋಗುತ್ತದೆ. ಮಗು ಶಾಲೆಗೆ ಸೇರಿ ಕೆಲವು ವರ್ಷಗಳಾಗುವ ಹೊತ್ತಿಗೆ ಆ ಕಾರ್ಡು ಟ್ರಂಕಿನ ತಳ ಸೇರಿರುತ್ತದೆ. ಅರುವತ್ತು ಎಪ್ಪತ್ತರ ಪ್ರಾಯದವರಿಗಾದರೋ ಸೂಜಿಯೆಂದರೆ ರೋಗ ಬಂದಾಗ ಚುಚ್ಚಿಸಿಕೊಳ್ಳುವ ವಸ್ತುವೇ ಹೊರತು, ಬಾರದಿರಲೆಂದು ಚುಚ್ಚಿಸಿಕೊಳ್ಳುವ ವಸ್ತುವಲ್ಲ. 2021ರ ಮಾರ್ಚಿನಿಂದ ಕೊರೋನಾ ಲಸಿಕೆಗಾಗಿ ವೃದ್ಧರು ಸಾಲುಗಟ್ಟಿ ನಿಂತಾಗ ಈ ರೂಢಿ ಬಹುಕಾಲದ ಮೇಲೆ ಮುರಿಯಿತು. ಅಂದಿನಿಂದ ಇನ್ನೊಂದು ಪ್ರಶ್ನೆ ಅನೇಕ ಮನೆಗಳಲ್ಲಿ ತಲೆಯೆತ್ತಿದೆ: ನ್ಯುಮೋನಿಯಾಕ್ಕೂ ಒಂದು ಲಸಿಕೆಯುಂಟಂತೆ, ವಯಸ್ಸಾದವರು ಅದನ್ನು ಹಾಕಿಸಿಕೊಳ್ಳಬೇಕೆ, ಬೇಡವೆ?

ಈ ಪ್ರಶ್ನೆಯನ್ನು ಬ್ಯಾಟರಾಯನಪುರದಂಥ ಒಂದು ಊರಿನಲ್ಲಿಟ್ಟು ನೋಡಿದರೆ ಅದರ ಸ್ವರೂಪ ಚೆನ್ನಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಬ್ಯಾಟರಾಯನಪುರಗಳು ಎರಡು. ಒಂದು ಮೈಸೂರು ರಸ್ತೆಯಲ್ಲಿದೆ. ಇಲ್ಲಿ ಹೇಳುತ್ತಿರುವುದು ಹೆಬ್ಬಾಳ ಯಲಹಂಕಗಳ ನಡುವೆ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ಬ್ಯಾಟರಾಯನಪುರವನ್ನು. ಒಂದು ಕಾಲಕ್ಕೆ ಹೊಲತೋಟಗಳ ನಡುವಿನ ಹಳ್ಳಿಯಾಗಿದ್ದ ಈ ಊರು ಮುಂದೆ ನಗರಸಭೆಯಾಗಿ, 2007ರಲ್ಲಿ ಬೆಂಗಳೂರು ಮಹಾನಗರದೊಳಗೆ ಸೇರಿತು. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ವಾಹನಸಂಚಾರ ಎಷ್ಟು ಪಟ್ಟು ಹೆಚ್ಚಿತೆಂಬುದನ್ನು ಆ ದಾರಿಯಲ್ಲಿ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಅಲ್ಲಿಯ ಹಳೆಯ ಮನೆಗಳಲ್ಲಿ ಇಂದಿಗೂ ಅಜ್ಜ, ಮಗ, ಮೊಮ್ಮಗು ಎಂಬ ಮೂರು ತಲೆಮಾರು ಒಂದೇ ಸೂರಿನಡಿ ಇರುವುದುಂಟು. ಅಂಥ ಮನೆಯ ಮೊಮ್ಮಗುವಿಗೆ ನ್ಯುಮೋನಿಯಾದ ಲಸಿಕೆ ಸರ್ಕಾರದಿಂದ ಪುಕ್ಕಟೆಯಾಗಿ ದೊರೆಯುತ್ತದೆ. ಅದೇ ರೋಗಾಣುವಿನ ವಿರುದ್ಧ ಅಜ್ಜನಿಗೆ ಲಸಿಕೆ ಬೇಕಾದರೆ ಮನೆಯವರು ಕೆಲವು ಸಾವಿರ ರೂಪಾಯಿ ಕೊಟ್ಟು ಕೊಳ್ಳಬೇಕು. ಆದುದರಿಂದ ಇದು ಕೇವಲ ವೈದ್ಯರ ಪ್ರಶ್ನೆಯಲ್ಲ, ಸಂಸಾರ ನಡೆಸುವವರ ಪ್ರಶ್ನೆಯೂ ಹೌದು. ಇದಕ್ಕೆ ಉತ್ತರ ಹೇಳುವ ಮುನ್ನ ರೋಗವೇನು, ಲಸಿಕೆಯೇನು, ಅದರಿಂದ ಆಗುವ ಉಪಕಾರವೆಷ್ಟು ಎಂಬುದನ್ನು ಕ್ರಮವಾಗಿ ತಿಳಿಯಬೇಕು.

ರೋಗ ಮತ್ತು ರೋಗಾಣು

ನಮ್ಮ ಶ್ವಾಸಕೋಶಗಳಲ್ಲಿ ಕೋಟ್ಯಂತರ ಸಣ್ಣ ಗಾಳಿಗೂಡುಗಳಿವೆ. ನಾವು ಎಳೆದುಕೊಂಡ ಉಸಿರಿನಿಂದ ರಕ್ತವು ಆಮ್ಲಜನಕವನ್ನು ಹೀರಿಕೊಳ್ಳುವುದು ಇಲ್ಲಿಯೇ. ಸೋಂಕಿನಿಂದ ಈ ಗೂಡುಗಳಲ್ಲಿ ಕೀವು ಮತ್ತು ದ್ರವ ತುಂಬಿಕೊಂಡರೆ ಅದೇ ನ್ಯುಮೋನಿಯಾ. ಗಾಳಿಯಿರಬೇಕಾದ ಕಡೆ ನೀರು ನಿಂತಂತಾಗಿ ರೋಗಿಗೆ ಉಸಿರು ಸಾಲದಾಗುತ್ತದೆ.

ಇಲ್ಲಿ ಒಂದು ಮುಖ್ಯ ವಿಷಯವನ್ನು ನೆನಪಿಡಬೇಕು. ನ್ಯುಮೋನಿಯಾ ಒಂದೇ ರೋಗಾಣುವಿನಿಂದ ಬರುವ ರೋಗವಲ್ಲ. ಇನ್‌ಫ್ಲುಯೆಂಜಾದ ವೈರಸ್, ಕೊರೋನಾದ ವೈರಸ್, ಬಗೆಬಗೆಯ ಬ್ಯಾಕ್ಟೀರಿಯಾಗಳು, ಇವೆಲ್ಲವೂ ಅದನ್ನು ತರಬಲ್ಲವು. ಆದರೆ ಇವುಗಳಲ್ಲಿ ಬಹುಕಾಲದಿಂದ ಕುಖ್ಯಾತವಾದುದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ. 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್, ಒಬ್ಬರಿಗೊಬ್ಬರು ತಿಳಿಯದೆ ಇದನ್ನು ಗುರುತಿಸಿದರು. 'ನ್ಯುಮೋನಿಯಾ ಲಸಿಕೆ' ಎಂದು ಜನ ಕರೆಯುವುದು ಈ ಒಂದು ರೋಗಾಣುವಿನ ವಿರುದ್ಧದ ಲಸಿಕೆಯನ್ನು ಮಾತ್ರ. ಈ ಹೆಸರಿನಿಂದಲೇ ಅನೇಕ ತಪ್ಪು ನಿರೀಕ್ಷೆಗಳು ಹುಟ್ಟಿವೆ.

ನ್ಯುಮೋಕಾಕಸ್ ಎಲ್ಲೋ ಹೊರಗಿನಿಂದ ದಾಳಿಯಿಡುವ ಶತ್ರುವಲ್ಲ. ಆರೋಗ್ಯವಂತರ, ಅದರಲ್ಲೂ ಚಿಕ್ಕ ಮಕ್ಕಳ, ಮೂಗು ಗಂಟಲುಗಳಲ್ಲಿ ಅದು ಸುಮ್ಮನೆ ವಾಸವಾಗಿರುತ್ತದೆ. ಕೆಮ್ಮು ಸೀನುಗಳ ತುಂತುರಿನೊಡನೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಮುಪ್ಪಿನಿಂದಲೋ ಬೇರೆ ಕಾಯಿಲೆಯಿಂದಲೋ ದೇಹದ ಕಾವಲು ಸಡಿಲವಾದಾಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಅಲ್ಲಿಂದ ರಕ್ತಕ್ಕೂ ಮಿದುಳಿನ ಪೊರೆಗೂ ಹರಡುತ್ತದೆ. ಹೀಗೆ ಹರಡಿದಾಗಲೇ ಪ್ರಾಣಾಪಾಯ ಹೆಚ್ಚು.

ಈ ರೋಗಾಣುವಿನ ಮೈಮೇಲೆ ಸಕ್ಕರೆಯ ಜಾತಿಗೆ ಸೇರಿದ ದ್ರವ್ಯದ ಒಂದು ಕವಚವಿದೆ. ಕವಚವಿರುವುದರಿಂದ ನಮ್ಮ ರಕ್ತದ ಬಿಳಿಯ ಕಣಗಳು ಅದನ್ನು ಸುಲಭವಾಗಿ ನುಂಗಲಾರವು. ಕವಚದ ರಚನೆಯ ವ್ಯತ್ಯಾಸದಿಂದ ನ್ಯುಮೋಕಾಕಸ್ಸಿನಲ್ಲಿ ನೂರಕ್ಕೂ ಹೆಚ್ಚು ತಳಿಗಳನ್ನು ಗುರುತಿಸಿದ್ದಾರೆ. ಒಂದು ತಳಿಯ ವಿರುದ್ಧ ಬೆಳೆದ ಶಕ್ತಿ ಸಾಮಾನ್ಯವಾಗಿ ಮತ್ತೊಂದು ತಳಿಗೆ ನಾಟುವುದಿಲ್ಲ. ಒಮ್ಮೆ ನ್ಯುಮೋನಿಯಾ ಬಂದು ವಾಸಿಯಾದವರಿಗೆ ಅದು ಮತ್ತೆ ಬರಬಹುದಾದುದಕ್ಕೂ, ಅಂಥವರಿಗೂ ಲಸಿಕೆಯ ಪ್ರಯೋಜನವಿರುವುದಕ್ಕೂ ಇದೇ ಒಂದು ಕಾರಣ.

ಲಸಿಕೆ ಬಂದ ಬಗೆ

1911ರಲ್ಲಿ ಆಲ್ಮ್‌ರಾತ್ ರೈಟ್ ಎಂಬ ವೈದ್ಯವಿಜ್ಞಾನಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಕೂಲಿಗಳ ಮೇಲೆ ಮೊದಲ ದೊಡ್ಡ ಪ್ರಯೋಗ ನಡೆಸಿದನು. ಇಕ್ಕಟ್ಟಾದ ವಸತಿಗಳಲ್ಲಿ ಆ ಕೂಲಿಗಳು ನ್ಯುಮೋನಿಯಾದಿಂದ ಗುಂಪುಗುಂಪಾಗಿ ಸಾಯುತ್ತಿದ್ದರು. ಕೊಂದ ರೋಗಾಣುಗಳನ್ನೇ ಚುಚ್ಚಿದ ಆ ಪ್ರಯತ್ನದ ಫಲ ಸ್ಪಷ್ಟವಾಗಲಿಲ್ಲ. ತಳಿಭೇದದ ತಿಳಿವಳಿಕೆ ಆಗ ಇನ್ನೂ ಬೆಳೆದಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಕವಚದ ಸಕ್ಕರೆಯನ್ನು ಮಾತ್ರ ಬೇರ್ಪಡಿಸಿ ಚುಚ್ಚಿದರೂ ಸಾಕೆಂಬುದು ಗೊತ್ತಾಯಿತು. ಕಾಲಿನ್ ಮ್ಯಾಕ್ಲಿಯಾಡ್ ಮತ್ತು ಸಂಗಡಿಗರು ಅಮೆರಿಕದ ಸೈನಿಕರಲ್ಲಿ ನಾಲ್ಕು ತಳಿಗಳ ಲಸಿಕೆಯನ್ನು ಪರೀಕ್ಷಿಸಿ, ಅದು ರೋಗವನ್ನು ತಡೆಯುತ್ತದೆಂದು 1945ರಲ್ಲಿ ಪ್ರಕಟಿಸಿದರು. ಇದೇ ಮ್ಯಾಕ್ಲಿಯಾಡ್ ಅದರ ಹಿಂದಿನ ವರ್ಷ ಏವರಿ ಮತ್ತು ಮೆಕಾರ್ಟಿ ಎಂಬವರೊಡನೆ, ನ್ಯುಮೋಕಾಕಸ್ಸಿನ ಮೇಲಣ ಪ್ರಯೋಗಗಳಿಂದಲೇ, ಆನುವಂಶಿಕ ದ್ರವ್ಯವು ಡಿ.ಎನ್.ಎ. ಎಂಬುದನ್ನು ತೋರಿಸಿಕೊಟ್ಟಿದ್ದನು. ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಸ್ವಾರಸ್ಯದ ಸಂಗತಿ.

ಇಷ್ಟು ಹೊತ್ತಿಗೆ ಪೆನಿಸಿಲಿನ್ ಬಂದಿತು. ಬಂದ ರೋಗವನ್ನು ಸೂಜಿಯಿಂದ ವಾಸಿಮಾಡಬಹುದಾದಾಗ, ಬಾರದಂತೆ ತಡೆಯುವ ಸೂಜಿ ಯಾರಿಗೆ ಬೇಕು? ಮಾರಾಟಕ್ಕೆ ಬಂದಿದ್ದ ಲಸಿಕೆಯನ್ನು ಕೊಳ್ಳುವವರಿಲ್ಲದೆ ತಯಾರಕರು ಹಿಂತೆಗೆದುಕೊಂಡರು. ಇಂದಿಗೂ ನಮ್ಮಲ್ಲಿ ಅನೇಕರು ಕೇಳುವುದು ಇದೇ ಪ್ರಶ್ನೆಯನ್ನು: ಔಷಧವಿರುವಾಗ ಲಸಿಕೆಯೇಕೆ?

ಇದಕ್ಕೆ ಉತ್ತರ ಕೊಟ್ಟವನು ರಾಬರ್ಟ್ ಆಸ್ಟ್ರಿಯನ್. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಹತ್ತು ವರ್ಷಗಳ ರೋಗಿಗಳ ದಾಖಲೆಗಳನ್ನು ಇವನೂ ಗೋಲ್ಡ್ ಎಂಬವನೂ ಪರಿಶೀಲಿಸಿ 1964ರಲ್ಲಿ ಒಂದು ಲೇಖನ ಬರೆದರು. ರೋಗಾಣು ರಕ್ತಕ್ಕೆ ಸೇರಿದ ನ್ಯುಮೋನಿಯಾದಲ್ಲಿ ಪೆನಿಸಿಲಿನ್ ಅನೇಕರನ್ನು ಉಳಿಸುತ್ತದೆ, ನಿಜ. ಆದರೆ ಮೊದಲ ಐದು ದಿನಗಳೊಳಗೆ ಸಾಯುವಷ್ಟು ಜರ್ಜರಿತರಾದವರನ್ನು ಅದು ಉಳಿಸಲಿಲ್ಲವೆಂದು ಅವರು ತೋರಿಸಿದರು. ಹಾಗೆ ಸತ್ತವರಲ್ಲಿ ವೃದ್ಧರೂ ಮೊದಲೇ ಬೇರೆ ಕಾಯಿಲೆಯಿದ್ದವರೂ ಹೆಚ್ಚು. ಔಷಧ ಕೆಲಸಮಾಡಲು ಕಾಲಾವಕಾಶ ಬೇಕು. ಬಲಗುಂದಿದ ದೇಹ ಆ ಅವಕಾಶವನ್ನು ಕೊಡುವುದಿಲ್ಲ. ಅಂಥವರಿಗೆ ರೋಗ ಬಾರದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಔಷಧಗಳಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಈ ಮಾತಿಗೆ ಇನ್ನಷ್ಟು ಬೆಲೆ ಬಂದಿದೆ.

ಆಸ್ಟ್ರಿಯನ್ನನ ಶ್ರಮದಿಂದ ಲಸಿಕೆಗೆ ಮರುಜೀವ ಬಂದಿತು. 1977ರಲ್ಲಿ 14 ತಳಿಗಳದೂ, 1983ರಲ್ಲಿ 23 ತಳಿಗಳದೂ ಬಳಕೆಗೆ ಬಂದವು. ಆದರೆ ಬರಿಯ ಸಕ್ಕರೆಯ ಈ ಲಸಿಕೆಗೆ ಎರಡು ವರ್ಷದೊಳಗಿನ ಮಕ್ಕಳ ದೇಹ ಸರಿಯಾಗಿ ಸ್ಪಂದಿಸದು. ಹಿರಿಯರಲ್ಲಿಯೂ ಅದರ ರಕ್ಷಣೆ ಕೆಲವು ವರ್ಷಗಳಲ್ಲಿ ಕುಗ್ಗುತ್ತದೆ. ಆದುದರಿಂದ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಜೋಡಿಸಿ ಕೊಡುವ ಉಪಾಯ ಹೂಡಿದರು. ಪ್ರೋಟೀನಿನ ಜೊತೆ ಬಂದದ್ದನ್ನು ನಮ್ಮ ದೇಹ ಹೆಚ್ಚು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಇಂಥ ಜೋಡಿ ಲಸಿಕೆ 2000ದಲ್ಲಿ 7 ತಳಿಗಳಿಗೆ, 2010ರಲ್ಲಿ 13ಕ್ಕೆ, 2021ರಲ್ಲಿ 20ಕ್ಕೆ ಸಿದ್ಧವಾಯಿತು.

ನಮ್ಮ ದೇಶದಲ್ಲಿ ಮಕ್ಕಳ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಇದು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಪುಣೆಯ ಸೀರಮ್ ಸಂಸ್ಥೆ 2020ರಲ್ಲಿ ಹೊರತಂದ 10 ತಳಿಗಳ ಲಸಿಕೆಯಿಂದ ಇದರ ಬೆಲೆಯೂ ಇಳಿಯಿತು. ಮಗುವಿಗೆ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಹೀಗೆ ಮೂರು ಸಲ ಕೊಡುತ್ತಾರೆ. ಮಕ್ಕಳಿಗೆ ಮೊದಲ ಸ್ಥಾನ ಕೊಟ್ಟದ್ದು ನ್ಯಾಯವೇ ಸರಿ. ಅಮೆರಿಕದಲ್ಲಿ 2000ದ ಬಳಿಕ ಮಕ್ಕಳಿಗೆ ಲಸಿಕೆ ಹಾಕತೊಡಗಿದಾಗ, ಲಸಿಕೆಯಲ್ಲಿದ್ದ ತಳಿಗಳ ಕಾಯಿಲೆ ಲಸಿಕೆ ಹಾಕಿಸಿಕೊಳ್ಳದ ಹಿರಿಯರಲ್ಲಿಯೂ ಇಳಿಯಿತು. ಮಕ್ಕಳ ಮೂಗಿನಿಂದ ರೋಗಾಣು ತೊಲಗಿದರೆ ಮಡಿಲಲ್ಲಿ ಕೂರಿಸಿಕೊಳ್ಳುವ ಅಜ್ಜಿಗೂ ಅದು ದಾಟುವುದಿಲ್ಲ. ಮೊಮ್ಮಗುವಿನ ಮೂರು ಸೂಜಿಗಳನ್ನು ತಪ್ಪಿಸದಿರುವುದು, ಕಾಸಿಲ್ಲದೆ ಹಿರಿಯರಿಗೆ ಮಾಡಬಹುದಾದ ಮೊದಲ ಉಪಕಾರ.

ಪ್ರಯೋಜನ ಎಷ್ಟು?

ಲಸಿಕೆಯನ್ನು ಹೊಗಳುವವರೂ ತೆಗಳುವವರೂ ಅಂಕಿಗಳನ್ನು ನೋಡುವುದು ಕಡಿಮೆ. ಹಾಲೆಂಡಿನಲ್ಲಿ 65 ವರ್ಷ ದಾಟಿದ 84,496 ಮಂದಿಯ ಮೇಲೆ ನಡೆಸಿದ ದೊಡ್ಡ ಪ್ರಯೋಗವೊಂದರ ಫಲ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ 13 ತಳಿಗಳ ಜೋಡಿ ಲಸಿಕೆ, ಉಳಿದರ್ಧಕ್ಕೆ ಔಷಧವಿಲ್ಲದ ತೋರಿಕೆಯ ಸೂಜಿ. ಸುಮಾರು ನಾಲ್ಕು ವರ್ಷ ಅವರನ್ನು ಗಮನಿಸಿದರು. ಲಸಿಕೆಯಲ್ಲಿದ್ದ ತಳಿಗಳಿಂದ ನ್ಯುಮೋನಿಯಾ ಬಂದವರು ತೋರಿಕೆಯ ಸೂಜಿಯ ಗುಂಪಿನಲ್ಲಿ 90 ಮಂದಿ, ಲಸಿಕೆಯ ಗುಂಪಿನಲ್ಲಿ 49. ಅದೇ ತಳಿಗಳು ರಕ್ತ ಮುಂತಾದೆಡೆಗೆ ಹರಡಿದ ತೀವ್ರರೋಗ ಮೊದಲ ಗುಂಪಿನಲ್ಲಿ 28 ಮಂದಿಗೆ, ಎರಡನೆಯದರಲ್ಲಿ 7 ಮಂದಿಗೆ. ಎಂದರೆ ಮೊದಲನೆಯದು ಹೆಚ್ಚುಕಡಮೆ ಅರ್ಧಕ್ಕೂ, ಎರಡನೆಯದು ಕಾಲುಭಾಗಕ್ಕೂ ಇಳಿಯಿತು.

ಲಸಿಕೆ ಕೆಲಸ ಮಾಡುತ್ತದೆಂಬುದು ಇದರಿಂದ ಖಂಡಿತವಾಗುತ್ತದೆ. ಆದರೆ ಇದೇ ಅಂಕಿಗಳನ್ನು ಇನ್ನೊಂದು ಬಗೆಯಲ್ಲಿಯೂ ಓದಬೇಕು. 42,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದಾಗ 41 ಮಂದಿಗೆ ರೋಗ ತಪ್ಪಿತು. ಸ್ಥೂಲವಾಗಿ ಸಾವಿರಕ್ಕೆ ಒಬ್ಬರು. ಯಾವುದೇ ಕಾರಣದಿಂದ ಬಂದ ನ್ಯುಮೋನಿಯಾಗಳನ್ನೆಲ್ಲ ಕೂಡಿಸಿ ಎಣಿಸಿದಾಗ ಒಂದು ಗುಂಪಿನಲ್ಲಿ 787, ಇನ್ನೊಂದರಲ್ಲಿ 747, ವ್ಯತ್ಯಾಸ ಅತ್ಯಲ್ಪ. ಆದುದರಿಂದ 'ಇದನ್ನು ಹಾಕಿಸಿಕೊಂಡರೆ ನ್ಯುಮೋನಿಯಾ ಬರುವುದೇ ಇಲ್ಲ' ಎಂಬುದು ಸುಳ್ಳು. 'ಇದರಿಂದ ಏನೂ ಉಪಯೋಗವಿಲ್ಲ' ಎಂಬುದೂ ಸುಳ್ಳು. ಹಾಲೆಂಡಿನ ಅಂಕಿಗಳನ್ನು ಬೆಂಗಳೂರಿಗೆ ಹಾಗೆಯೇ ಹೊಂದಿಸಲೂ ಆಗದು. ಅಲ್ಲಿನ ಮಕ್ಕಳಿಗೆ 2006ರಿಂದಲೇ ಈ ಜಾತಿಯ ಲಸಿಕೆ ಸಲ್ಲುತ್ತಿತ್ತು. ಅಲ್ಲಿಯ ಹೊಗೆ, ಧೂಳು, ಮನೆಯೊಳಗಿನ ಜನಸಂದಣಿ ನಮ್ಮಂಥದಲ್ಲ.

ಯಾರಿಗೆ ಹೆಚ್ಚು ಅಗತ್ಯ?

ಸಾವಿರಕ್ಕೆ ಒಬ್ಬರೆಂಬುದು ಸರಾಸರಿಯ ಮಾತು. ಸರಾಸರಿಯ ಮನುಷ್ಯ ಯಾರ ಮನೆಯಲ್ಲಿಯೂ ಇರುವುದಿಲ್ಲ. ಇರುವವರು ನಮ್ಮ ಅಜ್ಜ, ಅಜ್ಜಿ, ದೊಡ್ಡಪ್ಪ. ಅವರವರ ಅಪಾಯ ಅವರವರ ದೇಹಸ್ಥಿತಿಯನ್ನು ಹೊಂದಿರುತ್ತದೆ. ಅಪಾಯ ಹೆಚ್ಚಿದ್ದಷ್ಟೂ ಲಸಿಕೆಯಿಂದ ಲಾಭದ ಸಂಭವ ಹೆಚ್ಚು.

ಎಪ್ಪತ್ತು ವರ್ಷದ ಹಿರಿಯರೊಬ್ಬರು ದಿನವೂ ಬೆಳಗ್ಗೆ ಜಕ್ಕೂರು ಕೆರೆಯ ಏರಿಯ ಮೇಲೆ ನಡೆದಾಡಿ ಬರುತ್ತಾರೆ, ಯಾವ ಕಾಯಿಲೆಯೂ ಇಲ್ಲ ಎಂದು ಭಾವಿಸೋಣ. ಅವರಿಗೆ ಲಸಿಕೆ ಒಳ್ಳೆಯದೇ. ವಯಸ್ಸೊಂದೇ ಅದಕ್ಕೆ ಸಾಕಾದ ಕಾರಣ. ಆದರೆ ಹಣದ ಅಡಚಣೆಯಿದ್ದರೆ ಒಂದೆರಡು ತಿಂಗಳು ತಡವಾಯಿತೆಂದು ಕೊರಗಬೇಕಾದ್ದಿಲ್ಲ. ಅರುವತ್ತು ವರ್ಷದ ಇನ್ನೊಬ್ಬರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಬೀಡಿಯ ಚಟ, ಚಳಿಗಾಲದಲ್ಲಿ ಉಬ್ಬಸ. ವಯಸ್ಸು ಕಡಮೆಯಾದರೂ ಲಸಿಕೆಯ ಅಗತ್ಯ ಇವರಿಗೇ ಹೆಚ್ಚು. ಹೃದಯ, ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳ ದೀರ್ಘಕಾಲದ ರೋಗವುಳ್ಳವರು, ಕ್ಯಾನ್ಸರಿನ ಚಿಕಿತ್ಸೆ ಪಡೆಯುತ್ತಿರುವವರು, ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ನುಂಗುವವರು ಇದೇ ಸಾಲಿಗೆ ಸೇರುತ್ತಾರೆ. ಗುಲ್ಮವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರಂತೂ, ವಯಸ್ಸು ಎಷ್ಟೇ ಇರಲಿ, ವೈದ್ಯರನ್ನು ಕಂಡು ಇದನ್ನು ಹಾಕಿಸಿಕೊಳ್ಳಲೇಬೇಕು. ರಕ್ತದಲ್ಲಿ ಸೇರಿದ ನ್ಯುಮೋಕಾಕಸ್ಸನ್ನು ಸೋಸುವ ಮುಖ್ಯ ಅಂಗ ಅವರಲ್ಲಿಲ್ಲ.

ಬೇರೆ ದೇಶಗಳ ಪದ್ಧತಿಯೂ ಒಂದೇ ತೆರನಾಗಿಲ್ಲ. ಬ್ರಿಟನ್ನಿನಲ್ಲಿ 65 ತುಂಬಿದವರಿಗೆ ಸರ್ಕಾರವೇ ಪುಕ್ಕಟೆಯಾಗಿ ಕೊಡುತ್ತದೆ. ಅಮೆರಿಕದಲ್ಲಿ ಮೊದಲು 65 ಎಂದಿದ್ದ ವಯಸ್ಸಿನ ಮಿತಿಯನ್ನು 2024ರಲ್ಲಿ 50ಕ್ಕೆ ಇಳಿಸಿದರು. ನಮ್ಮಲ್ಲಿ ಹಿರಿಯರ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ಸೇರಿಲ್ಲ. ವೈದ್ಯರ ಸಲಹೆಯ ಮೇಲೆ ಕೊಂಡು ಹಾಕಿಸಿಕೊಳ್ಳಬೇಕು. 20 ತಳಿಗಳದಾದರೆ ಒಂದೇ ಸೂಜಿ ಸಾಕು. 13 ತಳಿಗಳದನ್ನು ಹಾಕಿಸಿಕೊಂಡವರಿಗೆ ಒಂದು ವರ್ಷದ ಮೇಲೆ 23 ತಳಿಗಳ ಹಳೆಯ ಲಸಿಕೆಯನ್ನು ಕೊಡುವ ವಾಡಿಕೆಯುಂಟು. ಯಾವುದನ್ನು ಯಾವಾಗ ಹಾಕಿಸಿಕೊಂಡರೆಂಬ ಚೀಟಿಯನ್ನು ಜೋಪಾನವಾಗಿಡಬೇಕು.

ಇನ್ನು ಭಯಗಳ ವಿಚಾರ. ಈ ಲಸಿಕೆಯಲ್ಲಿ ಜೀವಂತ ರೋಗಾಣುವಿಲ್ಲ. ಆದುದರಿಂದ ಇದರಿಂದಲೇ ನ್ಯುಮೋನಿಯಾ ಬರುವುದು ಅಸಾಧ್ಯ. ತೋಳು ಒಂದೆರಡು ದಿನ ನೋಯುವುದು, ಸ್ವಲ್ಪ ಮೈಬಿಸಿ, ಆಯಾಸ, ಇವು ಸಾಮಾನ್ಯ. ತೀವ್ರವಾದ ಅಲರ್ಜಿ ಬಹಳ ವಿರಳ. ಹಿಂದೆ ಇಂಥ ಲಸಿಕೆಗೆ ಅಲರ್ಜಿಯಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಜೋರು ಜ್ವರವಿರುವ ದಿನ ಮುಂದೂಡಬೇಕು. ಕೊರೋನಾ ಲಸಿಕೆಯಾಗಲಿ ಬಾಲ್ಯದ ಬಿ.ಸಿ.ಜಿ.ಯಾಗಲಿ ಇದರ ಕೆಲಸವನ್ನು ಮಾಡವು. ಇದೂ ಅವುಗಳ ಕೆಲಸವನ್ನು ಮಾಡದು. ಬಳ್ಳಾರಿ ರಸ್ತೆಯಲ್ಲಿಯೇ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬ ನಿಯಮ ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡವರಿಗೂ ಅನ್ವಯಿಸುತ್ತದೆ.

ಖರ್ಚು ಮತ್ತು ನಿರ್ಧಾರ

ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವನ್ನು 2021ರಲ್ಲಿ 1,200 ರೂಪಾಯಿಗೆ ಏರಿಸಿದರು. ಅದನ್ನೇ ನೆಚ್ಚಿದ ವೃದ್ಧೆಗೆ ಈ ಲಸಿಕೆಯ ಬೆಲೆಯೆಂದರೆ ಕೆಲವು ತಿಂಗಳ ಮಾಸಾಶನವೇ ಆಯಿತು. ಅವಳಿಗೆ 'ಹಾಕಿಸಿಕೋ' ಎಂದು ಉಪದೇಶಿಸುವುದು ಸುಲಭ. ಅಪಾಯ ಹೆಚ್ಚಿರುವ ಬಡ ಹಿರಿಯರಿಗಾದರೂ, ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವ ಸರ್ಕಾರಿ ಚಿಕಿತ್ಸಾಲಯದಲ್ಲಿಯೇ ಇದನ್ನೂ ಕೊಡುವಂತಾಗಬೇಕೆಂದು ಕೇಳುವುದು ಅನ್ಯಾಯದ ಬೇಡಿಕೆಯಲ್ಲ. ಅಲ್ಲಿಯವರೆಗೆ ಮನೆಯವರೇ ತೂಗಿ ನೋಡಬೇಕು. ಮದುವೆ ಮುಂಜಿಗಳ ಒಂದು ದಿನದ ಹೂವಿನ ಖರ್ಚು ಇದಕ್ಕಿಂತ ಹೆಚ್ಚಿರುವ ಮನೆಗಳು ನಮ್ಮಲ್ಲಿ ಕಡಮೆಯೇನಲ್ಲ. ಅಷ್ಟೂ ಇಲ್ಲದ ಮನೆಗಳಲ್ಲಿ, ಸಕ್ಕರೆ ಕಾಯಿಲೆಯ ದಿನದ ಮಾತ್ರೆಯನ್ನು ನಿಲ್ಲಿಸಿ ಲಸಿಕೆ ಕೊಳ್ಳುವುದು ಸಲ್ಲದು.

ಹಣ ಬೇಡದ ಕ್ರಮಗಳೂ ಉಂಟು. ಬೀಡಿ ಸಿಗರೇಟು ಬಿಡುವುದು, ಸೌದೆಯ ಹೊಗೆ ಹೊರಹೋಗುವಂತೆ ಮಾಡುವುದು, ಹಲ್ಲು ಬಾಯಿಗಳನ್ನು ಶುಚಿಯಾಗಿಡುವುದು, ಹಾಸಿಗೆ ಹಿಡಿದವರಿಗೆ ಕೂರಿಸಿ ಉಣಿಸುವುದು, ಇವೆಲ್ಲ ನ್ಯುಮೋನಿಯಾವನ್ನು ದೂರವಿಡಲು ನೆರವಾಗುತ್ತವೆ. ಅನುಕೂಲವಿದ್ದವರು ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾ ಲಸಿಕೆಯನ್ನೂ ಹಾಕಿಸಿಕೊಳ್ಳಬಹುದು. ಆ ಜ್ವರದ ಬೆನ್ನಲ್ಲೇ ನ್ಯುಮೋಕಾಕಸ್ ಬರುವುದುಂಟು. ಲಸಿಕೆಯಾಗಿದ್ದರೂ ಎಚ್ಚರ ತಪ್ಪಬಾರದು. ವೃದ್ಧರಲ್ಲಿ ನ್ಯುಮೋನಿಯಾ ಕೆಲವು ವೇಳೆ ಜೋರು ಜ್ವರವಾಗಲಿ ಕೆಮ್ಮಾಗಲಿ ಇಲ್ಲದೆಯೇ ಬರುತ್ತದೆ. ಇದ್ದಕ್ಕಿದ್ದಂತೆ ಊಟ ಬಿಡುವುದು, ಮಂಕಾಗಿ ತಡವರಿಸುವುದು, ಎದ್ದು ನಿಲ್ಲಲಾರದೆ ಬೀಳುವುದು, ಉಸಿರು ವೇಗವಾಗುವುದು, ಇವನ್ನು 'ವಯಸ್ಸಾಯಿತು' ಎಂದು ತಳ್ಳಿಹಾಕದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಡೆಯದಾಗಿ, ಈ ನಿರ್ಧಾರ ಯಾರದು? ಅನೇಕ ಮನೆಗಳಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, 'ಈ ವಯಸ್ಸಿನಲ್ಲಿ ಅವರಿಗೇಕೆ ಸೂಜಿಯ ಕಾಟ' ಎಂದೋ, 'ಹಾಕಿಸಿಬಿಡೋಣ' ಎಂದೋ ತೀರ್ಮಾನಿಸುತ್ತಾರೆ. ಯಾರ ತೋಳಿಗೆ ಸೂಜಿಯೋ ಅವರನ್ನು ಕೇಳುವುದೇ ಇಲ್ಲ. ಹಿರಿಯರಿಗೆ ಅವರ ಮಾತಿನಲ್ಲಿಯೇ ಇದು ಏನನ್ನು ತಡೆಯುತ್ತದೆ, ಏನನ್ನು ತಡೆಯದು, ಎಷ್ಟು ಖರ್ಚು, ಎಷ್ಟು ನೋವು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ ಅವರ ಇಷ್ಟವನ್ನು ತಿಳಿಯಬೇಕು. ಈ ಮಾತುಕತೆ ಅವರು ಆರೋಗ್ಯವಾಗಿ ಕಟ್ಟೆಯ ಮೇಲೆ ಕೂತಿರುವಾಗಲೇ ನಡೆಯಬೇಕು. ಆಸ್ಪತ್ರೆಯ ಹಾಸಿಗೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿರುವಾಗ ಅಲ್ಲ.

ಕಾಲೇಜಿನ ವಿದ್ಯಾರ್ಥಿಗಳಾದ ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲು ಓದಿದವರು. ವೈದ್ಯರ ಚೀಟಿಯನ್ನು ಓದಿ ಹೇಳುವ ಕೆಲಸವೂ, ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಲ್ಲುವ ಕೆಲಸವೂ ನಮ್ಮ ಪಾಲಿಗೇ ಬರುತ್ತದೆ. ಈ ರಜೆಯಲ್ಲಿ ಮನೆಗೆ ಹೋದಾಗ ಮೂರು ವಿಷಯಗಳನ್ನು ವಿಚಾರಿಸೋಣ: ಮನೆಯ ಮಗುವಿನ ಕಾರ್ಡಿನಲ್ಲಿ ಮೂರು ಸೂಜಿಗಳೂ ಆಗಿವೆಯೆ? ಮನೆಯ ಹಿರಿಯರಿಗೆ ಸಕ್ಕರೆ, ಉಬ್ಬಸ, ಹೃದಯದ ಕಾಯಿಲೆಗಳಲ್ಲಿ ಯಾವುದಾದರೂ ಉಂಟೆ? ಮುಂದಿನ ಸಲ ಅವರು ವೈದ್ಯರನ್ನು ಕಾಣುವ ದಿನ ಯಾವುದು? ಆ ದಿನ ಜೊತೆಯಲ್ಲಿ ಹೋಗಿ ಈ ಲಸಿಕೆಯ ಮಾತನ್ನು ಎತ್ತಿದರೆ, ಉಳಿದುದನ್ನು ವೈದ್ಯರೂ ಹಿರಿಯರೂ ಕೂಡಿ ನಿರ್ಣಯಿಸಬಲ್ಲರು.